‘ದಮ್ ಅದ ಏನು?’ ಎಂದಾಗ: ಅಪಾಯದ ಪಂಥಗಳ ಬಗ್ಗೆ ಮಕ್ಕಳ ಜೊತೆ ಮಾತಾಡುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಿಕ್ಷಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಹುಡುಗರು ಕಾಲುವೆಗೆ ಜಿಗಿದು ವಿಡಿಯೊ ಮಾಡುತ್ತಿದ್ದಾರೆ, ಉಸಿರು ಕಟ್ಟಿಸುವ ಆಟ ಆಡುತ್ತಿದ್ದಾರಂತೆ. ಇದರ ಬಗ್ಗೆ ಮಾತಾಡಿದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಸುಮ್ಮನಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಬೇಕು?

ಮಾತಾಡಬೇಕು. ಆದರೆ ಮಾತು ಆಟದ ಬಗ್ಗೆ ಬೇಡ, ಪಂಥದ ಬಗ್ಗೆ ಇರಲಿ.

ನಮ್ಮ ಕಡೆ ಪಂಥ ಕಟ್ಟುವುದು ಹೊಸದಲ್ಲ. ನಾಗರ ಪಂಚಮಿ ಬಂತೆಂದರೆ ಇಷ್ಟು ಎಸೆತದಲ್ಲಿ ನಿಂಬೆಹಣ್ಣು ಆ ಗುಡಿ ಮುಟ್ಟಿಸಬೇಕು, ಕಣ್ಣು ಕಟ್ಟಿಕೊಂಡು ಅಗಸಿತನಕ ನಡೆಯಬೇಕು ಎಂದು ಪಂಥ ಶುರು. ಜೋಳದ ಚೀಲ ಎತ್ತುವ ಪಂಥ, ಗುಂಡು ಎತ್ತುವ ಪಂಥವೂ ಇದ್ದವು. ಅಲ್ಲಿ ಊರಿನ ಹಿರಿಯರು ನಿಂತಿರುತ್ತಿದ್ದರು. ಸೋತವನು ತೆಂಗಿನಕಾಯಿ ಕೊಟ್ಟು ನಕ್ಕು ಮನೆಗೆ ಹೋಗುತ್ತಿದ್ದ. ಈಗಿನ ಪಂಥದಲ್ಲಿ ಹಿರಿಯರಿಲ್ಲ, ಮೊಬೈಲ್ ಇದೆ. ಸೋತವನ ಅಳುಮುಖ ಸಂಜೆಯೊಳಗೆ ಇಡೀ ಶಾಲೆಯ ವಾಟ್ಸಾಪ್‌ನಲ್ಲಿ ಓಡಾಡುತ್ತದೆ.

ಹಾಗಾಗಿ ಅಪಾಯ ಗೊತ್ತಿಲ್ಲದೆ ಹುಡುಗ ಜಿಗಿಯುತ್ತಾನೆ ಎಂದುಕೊಳ್ಳಬೇಡಿ. ಗೊತ್ತಿರುತ್ತದೆ. ಗೆಳೆಯರ ಮುಂದೆ ಹಿಂದೆ ಸರಿಯುವ ದಾರಿ ಮಾತ್ರ ಗೊತ್ತಿರುವುದಿಲ್ಲ. 2005ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ ಕೊಟ್ಟು ನೋಡಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಬಹಳ ಜಾಸ್ತಿ ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ‘ನಮ್ಮ ಹುಡುಗ ಮನೆಯಲ್ಲಿ ಎಷ್ಟು ಶಾಂತ ಗೊತ್ತಾ’ ಎಂದು ತಾಯಿ ಹೇಳುವ ಮಾತು ಸುಳ್ಳಲ್ಲ. ಮನೆಯಲ್ಲಿ ಅವನ ಪಕ್ಕ ಗೆಳೆಯರಿರುವುದಿಲ್ಲ, ಅಷ್ಟೇ.

ಈ ಲೇಖನದಲ್ಲಿ ‘ಪಂಥ’ ಎಂದರೆ ಎದುರಿಗೆ ನಿಂತು ‘ಮಾಡು ನೋಡೋಣ’ ಎನ್ನುವುದು. ‘ಚಾಲೆಂಜ್’ ಎಂದರೆ ಅದೇ ಪಂಥ, ಆದರೆ ಮೊಬೈಲ್ ಮೂಲಕ ಬರುವುದು. ಒಬ್ಬ ಮಾಡಿದ ವಿಡಿಯೊ ನೋಡಿ ಇನ್ನೊಬ್ಬ ಮಾಡುತ್ತಾನೆ. ‘ಟ್ರೆಂಡ್’ ಎಂದರೆ ಆ ಹೊತ್ತಿಗೆ ಎಲ್ಲರೂ ಮಾಡುತ್ತಿರುವುದು. ಹೆಸರು ತಿಂಗಳಿಗೊಮ್ಮೆ ಬದಲಾಗುತ್ತದೆ. ಅದರ ಹಿಂದೆ ಓಡಬೇಡಿ.

1. ನಿಮ್ಮ ಊರಿನ ಅಪಾಯದ ಜಾಗಗಳನ್ನು ಬರೆದುಕೊಳ್ಳಿ

ಮೊಬೈಲ್‌ನಲ್ಲಿ ಏನೇ ನೋಡಿದರೂ ಮಕ್ಕಳು ಅದನ್ನು ಮಾಡುವುದು ನಿಮ್ಮ ಊರಿನಲ್ಲೇ. ಆದ್ದರಿಂದ ಒಂದು ಸಂಜೆ ಶಾಲೆಯಿಂದ ಎರಡು ಮೂರು ಕಿಲೋಮೀಟರ್ ಸುತ್ತಾಡಿ ಬನ್ನಿ.

ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯಾದರೆ ಫರ್ಸಿ ಕಲ್ಲು ತೆಗೆದು ಬಿಟ್ಟ ಗಣಿ ಗುಂಡಿಗಳು ಮೊದಲು ಬರಲಿ. ಮಳೆಗಾಲ ಮುಗಿದ ಮೇಲೆ ಅವು ಕೆರೆಯ ಹಾಗೆ ಕಾಣುತ್ತವೆ. ಆದರೆ ಕೆರೆಗೆ ಇಳಿಜಾರು ದಂಡೆ ಇರುತ್ತದೆ, ಗಣಿಗೆ ಗೋಡೆಯಂತೆ ಕಡಿದ ಅಂಚು. ಒಂದು ಹೆಜ್ಜೆ ಆಚೆ ಇಟ್ಟರೆ ಕಾಲಿಗೆ ನೆಲ ಸಿಗುವುದಿಲ್ಲ. ನೀರಿನ ಅಡಿಯಲ್ಲಿ ಒಡೆದ ಬಂಡೆಗಳಿರುತ್ತವೆ, ಮೇಲಿಂದ ಕಾಣುವುದಿಲ್ಲ.

ಸುರಪುರ, ಶಹಾಪುರ ಕಡೆಯವರು ನಾರಾಯಣಪುರ ಎಡದಂಡೆ ಕಾಲುವೆಯನ್ನು ಬರೆದುಕೊಳ್ಳಿ. ದೊಡ್ಡ ಕಾಲುವೆಯಲ್ಲಿ ನೀರು ಸುಮ್ಮನೆ ಹರಿಯುತ್ತಿರುವಂತೆ ಕಂಡರೂ ಒಳಗೆ ಸೆಳೆತ ಜೋರಾಗಿರುತ್ತದೆ. ಸಿಮೆಂಟ್ ಹಾಕಿದ ಕಡೆ ಪಾಚಿ ಕಟ್ಟಿ ಕೈಗೆ ಹಿಡಿತ ಸಿಗುವುದಿಲ್ಲ. ಚೆನ್ನಾಗಿ ಈಜು ಬರುವವರೂ ಹತ್ತಿ ಬರಲಾಗದೆ ಸೋಲುವುದು ಇಲ್ಲೇ. ಭೀಮಾ ನದಿಯ ಬ್ಯಾರೇಜ್, ಬೀದರ್ ಕಡೆಯ ಕಾರಂಜಾ ಹಿನ್ನೀರು, ಹಳೇ ಬಾವಿಗಳೂ ಪಟ್ಟಿಯಲ್ಲಿರಲಿ.

ಕಲಬುರಗಿ, ಶಹಾಬಾದ್, ವಾಡಿ ಕಡೆ ರೈಲು ಹಳಿ ಇದೆ. ಬೀದರ್, ಕಲಬುರಗಿ ನಗರದಲ್ಲಿ ಕೋಟೆ ಗೋಡೆ. ಎಲ್ಲ ಊರಲ್ಲೂ ಬೈಕ್.

ದಿನಗಳನ್ನೂ ಗುರುತು ಹಾಕಿಕೊಳ್ಳಿ. ಎಸ್ಸೆಸ್ಸೆಲ್ಸಿ ಕೊನೆಯ ಪೇಪರ್ ಮುಗಿದ ಮಧ್ಯಾಹ್ನ, ಬೇಸಿಗೆ ರಜೆಯ ಮೊದಲ ವಾರ, ಪಂಚಮಿ, ಜಾತ್ರೆ, ಉರುಸು. ನಿಮ್ಮ ಮಾತು ಈ ದಿನಗಳಿಗೆ ಒಂದು ವಾರ ಮೊದಲು ಆಗಿರಬೇಕು.

2. ಪ್ರಾರ್ಥನೆ ಸಾಲಿನಲ್ಲಿ ಮಾತಾಡಬೇಡಿ

ಎಲ್ಲರೂ ಮಾಡುವ ತಪ್ಪು ಇದು. ನಾನೂ ಮಾಡಿದ್ದೇನೆ. ಒಂದು ಆಟದ ಹೆಸರು ಹೇಳಿ ‘ಯಾರೂ ಆಡಬಾರದು’ ಎಂದು ಮೈಕಿನಲ್ಲಿ ಎಚ್ಚರಿಸಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಆರನೇ ತರಗತಿಯ ಮಕ್ಕಳು ಆ ಹೆಸರನ್ನು ಬಾಯಿಪಾಠ ಮಾಡಿಕೊಂಡಿದ್ದರು. ಬೆಳಿಗ್ಗೆವರೆಗೆ ಅವರಿಗೆ ಅದು ಗೊತ್ತೇ ಇರಲಿಲ್ಲ.

2017 ನೆನಪಿದೆಯಲ್ವಾ? ತಿಮಿಂಗಿಲದ ಹೆಸರಿನ ಒಂದು ಆಟ ಮಕ್ಕಳ ಜೀವ ತೆಗೆಯುತ್ತಿದೆ ಎಂದು ದೇಶವೆಲ್ಲ ಹೆದರಿತ್ತು. ಆ ಆಟದ ಲಿಂಕ್‌ಗಳನ್ನು ತೆಗೆಯಿರಿ ಎಂದು ಕೇಂದ್ರ ಸರ್ಕಾರ ಆಗಸ್ಟ್‌ನಲ್ಲಿ ದೊಡ್ಡ ಕಂಪನಿಗಳಿಗೆ ಹೇಳಿತು. ಆಮೇಲೆ ಸಮಿತಿ ಮಾಡಿ ವಿಚಾರಿಸಿದಾಗ, ಪರಿಶೀಲಿಸಿದ ಪ್ರಕರಣಗಳಲ್ಲಿ ಆ ಆಟದ ಕೈವಾಡ ಸಾಬೀತಾಗಲಿಲ್ಲ. ಅಷ್ಟರಲ್ಲಿ ಆಟದ ಹೆಸರು ಮಾತ್ರ ಮನೆ ಮನೆಗೆ ಮುಟ್ಟಿತ್ತು. ಮನಸ್ಸು ನೊಂದ ಮಗುವಿನ ನೋವಿನ ಕಾರಣ ಹುಡುಕುವ ಬದಲು ಎಲ್ಲರೂ ಆಟ ಹುಡುಕಿದೆವು.

ಆದ್ದರಿಂದ ಆಟದ ಹೆಸರು ನಿಮ್ಮ ಬಾಯಿಂದ ಬರುವುದು ಬೇಡ. ಹೇಗೆ ಆಡುತ್ತಾರೆ ಎಂದು ವಿವರಿಸುವುದು ಬೇಡ. ‘ಎಚ್ಚರಿಕೆಗಾಗಿ’ ಎಂದು ವಿಡಿಯೊ ತೋರಿಸುವುದಂತೂ ಬೇಡವೇ ಬೇಡ. ಸತ್ತ ಮಗುವಿನ ಫೋಟೊ ತೋರಿಸಿದರೆ ಮಕ್ಕಳು ಹೆದರುತ್ತಾರೆ ಎಂದುಕೊಳ್ಳುತ್ತೇವೆ. ಕೆಲವರು ಹೆದರುತ್ತಾರೆ. ಇನ್ನು ಕೆಲವರಿಗೆ ‘ನಾನು ಉಳಿದು ತೋರಿಸುತ್ತೇನೆ’ ಎನ್ನುವ ಹಟ ಹುಟ್ಟುತ್ತದೆ.

ಒಂದು ತರಗತಿಯ ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನು ಗುಂಡಾಗಿ ಕೂರಿಸಿ. ಒಂದು ಪೀರಿಯಡ್ ಸಾಕು. ಪಾಠ ಮಾಡುವವರಿಗಿಂತ ಮಕ್ಕಳು ಇಷ್ಟಪಡುವವರು ಮಾತಾಡಲಿ. ಎಷ್ಟೋ ಶಾಲೆಯಲ್ಲಿ ಅದು ಪಿಟಿ ಸರ್. ಮಗು ಮನೆಯಲ್ಲಿ ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಯಾವುದೇ ಮಾತಾಡಲಿ, ಈ ಪೀರಿಯಡ್‌ನಲ್ಲಿ ಆ ಭಾಷೆಯಲ್ಲೇ ಉತ್ತರ ಹೇಳಲು ಬಿಡಿ. ಭಯವನ್ನು ಯಾರೂ ಪುಸ್ತಕದ ಕನ್ನಡದಲ್ಲಿ ಹೇಳುವುದಿಲ್ಲ.

3. ಚೀಟಿಯಿಂದ ಶುರು ಮಾಡಿ

ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬರೆಯಬಾರದು. ಎರಡೇ ಪ್ರಶ್ನೆ ಹಲಗೆಯ ಮೇಲೆ ಬರೆಯಿರಿ:

ಮನಸ್ಸಿಲ್ಲದಿದ್ದರೂ ಗೆಳೆಯರ ಮಾತಿಗೆ ಯಾವಾಗಲಾದರೂ ಏನಾದರೂ ಮಾಡಿದ್ದೀಯಾ? ‘ಒಲ್ಲೆ’ ಎನ್ನಲು ಏನು ಅಡ್ಡ ಬಂತು?

ಚೀಟಿ ನೀವೊಬ್ಬರೇ ಮೊದಲು ಓದಿ. ಅಪಾಯದ ವಿವರ ಇರುವುದನ್ನು ಪಕ್ಕಕ್ಕಿಡಿ. ಎರಡನೇ ಪ್ರಶ್ನೆಯ ಉತ್ತರಗಳನ್ನು ಮಾತ್ರ ಜೋರಾಗಿ ಓದಿ. ‘ಅಂಜುಬುರುಕ ಅಂತಾರ’, ‘ಗ್ರೂಪಿನಿಂದ ತೆಗಿತಾರ’, ‘ವಿಡಿಯೊ ಹಾಕ್ತೀವಿ ಅಂದಿದ್ರು’. ತನ್ನ ಹೊಟ್ಟೆಯೊಳಗಿನ ಮಾತನ್ನೇ ಇನ್ನೂ ಹತ್ತು ಜನ ಬರೆದಿದ್ದಾರೆ ಎಂದು ಮಗುವಿಗೆ ತಿಳಿದಾಗ ಅರ್ಧ ಕೆಲಸ ಆಯಿತು.

ಚೀಟಿಯ ಅಕ್ಷರ ಗುರುತಿಸಿ ‘ಇದು ಯಾರು ಬರೆದಿದ್ದು’ ಎಂದು ಎಲ್ಲರ ಮುಂದೆ ಕೇಳಬೇಡಿ. ಒಮ್ಮೆ ಹಾಗೆ ಮಾಡಿದರೆ ಮುಂದಿನ ವರ್ಷದವರೆಗೂ ನಿಮಗೆ ಖಾಲಿ ಚೀಟಿಯೇ ಬರುತ್ತದೆ. ಆದರೆ ಯಾವುದಾದರೂ ಚೀಟಿಯಲ್ಲಿ ‘ಸಾಯಬೇಕು ಅನಸ್ತದ’ ಎಂಬಂಥ ಮಾತು ಕಂಡರೆ ಅದನ್ನು ಬಿಡುವಂತಿಲ್ಲ. ಆ ಮಗುವನ್ನು ಹುಡುಕಿ, ಅದೇ ದಿನ, ಒಬ್ಬರೇ ಕೂತು ಮಾತಾಡಿ.

4. ದೇಹಕ್ಕೆ ಏನಾಗುತ್ತದೆ ಎಂದು ನೇರವಾಗಿ ಹೇಳಿ

ಇದು ಐದು ನಿಮಿಷದ ಕೆಲಸ. ಉತ್ಪ್ರೇಕ್ಷೆ ಬೇಡ. ಮಕ್ಕಳು ಸುಳ್ಳನ್ನು ಬೇಗ ಹಿಡಿಯುತ್ತಾರೆ, ಆಮೇಲೆ ನಿಜವನ್ನೂ ನಂಬುವುದಿಲ್ಲ.

ಮೆದುಳಿಗೆ ಆಮ್ಲಜನಕ ನಿಂತರೆ ಕೆಲವೇ ನಿಮಿಷಗಳಲ್ಲಿ ಅದರ ಜೀವಕೋಶಗಳು ಸಾಯಲು ಶುರುವಾಗುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಆಟದಲ್ಲಿ ಕಣ್ಣು ಕತ್ತಲೆ ಬರುವುದು ಮಜಾ ಅಲ್ಲ, ಉಸಿರು ಬೇಕು ಎಂದು ಮೆದುಳು ಹಾಕುವ ಕೂಗು. ಅಷ್ಟು ಹೇಳಿ ನಿಲ್ಲಿಸಿ.

ಆಳ ತಿಳಿಯದ ನೀರಿಗೆ ತಲೆ ಕೆಳಗಾಗಿ ಜಿಗಿದರೆ ಕತ್ತಿನ ಮೂಳೆ ಮುರಿಯಬಹುದು. ಅದರೊಳಗೆ ಬೆನ್ನುಹುರಿ ಇದೆ, ಮೆದುಳಿನ ಮಾತನ್ನು ಕೈಕಾಲಿಗೆ ಮುಟ್ಟಿಸುವ ನರಗಳ ಕಟ್ಟು. ಅದಕ್ಕೆ ಪೆಟ್ಟಾದರೆ ಬದುಕಿದ್ದರೂ ಕೈಕಾಲು ಆಡದೇ ಹೋಗಬಹುದು. ಸಾವಿಗಿಂತ ಈ ಮಾತು ಹುಡುಗರಿಗೆ ಬೇಗ ತಾಗುತ್ತದೆ. ಸಾವು ಅವರಿಗೆ ದೂರ, ಕಬಡ್ಡಿ ಆಡಲಾಗದ ಕಾಲು ಹತ್ತಿರ.

ರೈಲು ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕು ಎಂದಿಲ್ಲ, ಹತ್ತಿರ ಹೋದರೂ ವಿದ್ಯುತ್ ಹಾರಿ ಬಂದು ಹೊಡೆಯುತ್ತದೆ. ನಿಂತ ಗೂಡ್ಸ್ ಡಬ್ಬಿಯ ಮೇಲೆ ಹತ್ತಿ ಸೆಲ್ಫಿ ತೆಗೆಯುವುದು ಸಾವಿನ ಕೆಲಸ ಎನ್ನುವುದು ಇದಕ್ಕೇ. ಇದು ಬಹಳ ಮಕ್ಕಳಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

5. ಹಿಂದೆ ಸರಿಯುವ ಮಾತುಗಳನ್ನು ಕಟ್ಟಿಸಿ

ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಪೀರಿಯಡ್‌ನ ಅರ್ಧ ಸಮಯ ಇದಕ್ಕೇ ಇರಲಿ.

‘ಬೇಡ ಅನ್ನಲು ಕಲಿಯಿರಿ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಐದು ಜನ ಸುತ್ತ ನಿಂತು ‘ಯಾಕೋ, ಅಂಜಿದಿ ಏನು? ದಮ್ ಅದ ಏನು?’ ಎನ್ನುವಾಗ ಬರೀ ‘ಬೇಡ’ ಎನ್ನುವುದು ದೊಡ್ಡವರಿಗೇ ಕಷ್ಟ. ಆ ಹೊತ್ತಿನಲ್ಲಿ ಹೊಸ ಮಾತು ಹೊಳೆಯುವುದಿಲ್ಲ. ಮೊದಲೇ ಬಾಯಲ್ಲಿ ಇರಬೇಕು.

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪು ಮೂರು ಮಾತು ಬರೆಯಲಿ. ಮುಖವೂ ಉಳಿಯಬೇಕು, ಜೀವವೂ ಉಳಿಯಬೇಕು, ಗೆಳೆತನವೂ ಉಳಿಯಬೇಕು. ಬರೆಯುವುದು ಅವರ ಆಡುಮಾತಿನಲ್ಲೇ. ನನಗೆ ಮಕ್ಕಳು ಕೊಟ್ಟ ಕೆಲವು ಮಾತು ಇವು:

‘ನಾಳೆ ಕಬಡ್ಡಿ ಮ್ಯಾಚ್ ಅದ, ಕಾಲ್ ಮುರ್ಕೊಂಡ್ರ ಸರ್ ಟೀಮಿನಾಗ ಇಡಂಗಿಲ್ಲ.’

‘ನಮ್ಮಪ್ಪ ಕರಿಲತ್ತಾನ, ನಾ ಹೊಂಟೆ. ನೀ ಬರ್ತಿ ಏನು?’

‘ನಂಗ ಇದು ಸೇರಂಗಿಲ್ಲ. ನಡಿ, ಮಂಡಾಳ ತಿನ್ನಾಕ ಹೋಗಮು.’

ಎರಡನೆಯ ಮಾತಿನ ಕೊನೆ ಗಮನಿಸಿ. ‘ನೀ ಬರ್ತಿ ಏನು?’ ಗುಂಪಿನಲ್ಲಿ ಇನ್ನೊಬ್ಬನಿಗೂ ಮನಸ್ಸಿರುವುದಿಲ್ಲ. ಅವನು ಯಾರಾದರೂ ಕರೆಯಲಿ ಎಂದು ಕಾಯುತ್ತಿರುತ್ತಾನೆ. ಇಬ್ಬರು ಹೊರಟರೆ ಆಟ ಸಪ್ಪೆಯಾಗುತ್ತದೆ.

ಒಂದು ಮಾತು ಎಲ್ಲ ತರಗತಿಯಲ್ಲೂ ಬರುತ್ತದೆ: ‘ನೀನೇ ಮೊದ್ಲ ಜಿಗಿ, ನೋಡಮು.’ ಕೇಳಲು ಜಾಣತನದ ಉತ್ತರ. ತರಗತಿ ಚಪ್ಪಾಳೆ ತಟ್ಟುತ್ತದೆ. ಅಲ್ಲಿ ನಿಲ್ಲಿಸಿ ಕೇಳಿ, ‘ಅವನು ನಿಜವಾಗಿ ಜಿಗಿದರೆ?’ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆ ಮೌನಕ್ಕೆ ಅವಸರ ಮಾಡಬೇಡಿ. ತನ್ನ ಜೀವ ಉಳಿಸಿಕೊಂಡು ಗೆಳೆಯನನ್ನು ತಳ್ಳಿದಂತಾಯಿತು ಎನ್ನುವುದು ಅವರಿಗೆ ಅವರೇ ಹೊಳೆಸಿಕೊಳ್ಳಲಿ.

ಆಮೇಲೆ ಅಭಿನಯ ಮಾಡಿಸಿ. ಒಬ್ಬ ಒತ್ತಾಯ ಮಾಡಲಿ, ಇನ್ನೊಬ್ಬ ಹಿಂದೆ ಸರಿಯಲಿ. ಸುಮ್ನೆ ತಮಾಷೆಯಾಗಿಯೇ ಇರಲಿ. ಆದರೆ ಅಭಿನಯದಲ್ಲಿ ನಿಜವಾದ ಅಪಾಯದ ಆಟ ಬೇಡ. ‘ಟೇಬಲ್ ಮೇಲಿನ ಸುಣ್ಣದ ಕಡ್ಡಿ ತಿನ್ನು’ ಎನ್ನುವಂಥ ಪಂಥ ಸಾಕು, ಅದೂ ಬಾಯಿಮಾತಿನಲ್ಲಿ. ಹುಡುಗಿಯರನ್ನು ಮರೆಯಬೇಡಿ. ಅವರ ಪಂಥಗಳು ಕಾಲುವೆಯ ದಂಡೆಯಲ್ಲಿ ಕಾಣುವುದಿಲ್ಲ. ಉಪವಾಸ ಇರುವುದು, ಕೈ ಮೇಲೆ ಗಾಯ ಮಾಡಿಕೊಳ್ಳುವುದು, ಫೋಟೊ ಕಳಿಸು ಎನ್ನುವ ಒತ್ತಾಯ. ಈ ಮಾತು ಟೀಚರ್ ಒಬ್ಬರು ಅವರ ಜೊತೆ ಬೇರೆಯಾಗಿ ಆಡಲಿ.

6. ಮೊಬೈಲ್ ಹಿಡಿದವನ ಜೊತೆ ಮಾತಾಡಿ

ಪಂಥದಲ್ಲಿ ಜಿಗಿಯುವವನು ಒಬ್ಬ, ಒತ್ತಾಯ ಮಾಡುವವರು ಇಬ್ಬರು, ನೋಡುವವರು ಹತ್ತು ಜನ, ವಿಡಿಯೊ ಮಾಡುವವನು ಒಬ್ಬ. ನಾವು ಯಾವಾಗಲೂ ಜಿಗಿಯುವವನಿಗೇ ಬುದ್ಧಿ ಹೇಳುತ್ತೇವೆ. ವಿಡಿಯೊ ಮಾಡುವವನು ಮೊಬೈಲ್ ಕಿಸೆಗೆ ಹಾಕಿಕೊಂಡರೆ ಆ ಪಂಥಕ್ಕೆ ಕಾರಣವೇ ಉಳಿಯುವುದಿಲ್ಲ. ತರಗತಿಯಲ್ಲಿ ಈ ಮಾತನ್ನು ಹಾಗೇ ಹೇಳಿ. ನೋಡುವ ಮಕ್ಕಳಿಗೂ ಕೆಲಸ ಇದೆ ಎಂದು ತಿಳಿಸಿ: ಮೊಬೈಲ್ ಕೆಳಗಿಡಲು ಹೇಳುವುದು, ದೊಡ್ಡವರನ್ನು ಕರೆಯುವುದು, ಬಂದ ವಿಡಿಯೊ ಮುಂದೆ ಕಳಿಸದಿರುವುದು.

‘ಸರ್‌ಗೆ ಹೇಳಿದ್ರೆ ಚಾಡಿ ಆಗಲ್ವಾ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಒಬ್ಬನಿಗೆ ಬೈಸಲು ಹೇಳಿದರೆ ಅದು ಚಾಡಿ, ಒಬ್ಬನನ್ನು ಉಳಿಸಲು ಹೇಳಿದರೆ ಅಲ್ಲ.

7. ಮಗು ಬಂದು ಹೇಳಿದಾಗ

ಚೆನ್ನಾಗಿ ಮಾತಾಡಿದ್ದರೆ ಎರಡು ಮೂರು ದಿನದಲ್ಲಿ ಯಾರಾದರೂ ಒಬ್ಬರು ನಿಮ್ಮ ಹತ್ತಿರ ಬರುತ್ತಾರೆ. ಆಗಿನ ಮೊದಲ ಎರಡು ನಿಮಿಷ ಬಹಳ ಮುಖ್ಯ.

‘ಸರ್, ನೀವು ಬೈತೀರಿ ಬಿಡ್ರಿ.’

‘ಬೈಯಂಗಿಲ್ಲ ತಮ್ಮಾ, ಕೂಡು. ಏನಾತು?’

‘ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡ್ರಿ.’

ಇಲ್ಲಿ ಆಣೆ ಮಾಡಬೇಡಿ. ‘ನಿನ್ನ ಜೀವಕ್ಕ ಕುತ್ತು ಅದ ಅಂದ್ರ ನಾ ಸುಮ್ಮ ಕೂಡಂಗಿಲ್ಲ. ಆದ್ರ ಯಾರಿಗೆ ಹೇಳ್ತೀನಿ ಅಂತ ಮೊದ್ಲ ನಿಂಗ ಹೇಳ್ತೀನಿ’ ಎನ್ನಿ. ಆಣೆ ಮಾಡಿ ಮುರಿಯುವುದಕ್ಕಿಂತ ಇದು ಎಷ್ಟೋ ಮೇಲು.

ಹೊಡೆಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನು ಆಚೆಗಿರಲಿ, ಹೇಳಿದ್ದಕ್ಕೆ ಏಟು ತಿಂದ ಮಗು ಇನ್ನೊಮ್ಮೆ ಹೇಳುವುದಿಲ್ಲ. ಉಳಿದ ಮಕ್ಕಳೂ ಅದನ್ನು ನೋಡಿರುತ್ತಾರೆ.

ಹೇಳದ ಮಕ್ಕಳೂ ಇರುತ್ತಾರೆ. ಕತ್ತಿನ ಮೇಲೆ ಗುರುತು, ಕಣ್ಣಿನಲ್ಲಿ ಕೆಂಪು ಚುಕ್ಕೆ, ಪದೇ ಪದೇ ತಲೆನೋವು, ಬಿಸಿಲಿನಲ್ಲೂ ತುಂಬು ತೋಳಿನ ಅಂಗಿ, ಬಾಗಿಲು ಹಾಕಿಕೊಂಡು ಒಬ್ಬರೇ ಇರುವುದು ಕಂಡರೆ ಕೇಳಿ. ಕೈ ಮೇಲಿನ ಗಾಯವನ್ನು ‘ಆಟ’ ಎಂದು ಮಗುವೇ ಹೇಳಿದರೂ ಅಲ್ಲಿಗೆ ಬಿಡಬೇಡಿ. ಎಷ್ಟೋ ಸಲ ಅದು ಆಟವಲ್ಲ, ಹೇಳಲಾಗದ ದುಃಖ.

ಫೋಟೊ, ವಿಡಿಯೊ ಇಟ್ಟುಕೊಂಡು ಯಾರಾದರೂ ಮಗುವನ್ನು ಲೈಂಗಿಕವಾಗಿ ಹೆದರಿಸುತ್ತಿದ್ದರೆ ಅದು ಪೋಕ್ಸೊ ಕಾಯ್ದೆಗೆ ಬರುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಕಾನೂನು ಇದು. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯ ಹೆಸರು ಹಾಳಾಗುತ್ತದೆ ಎಂದು ಮುಚ್ಚಿಡುವಂತಿಲ್ಲ.

8. ಮನೆಯವರನ್ನು ಕರೆಯಿರಿ

ಪಾಲಕರ ಸಭೆಗೆ ಎಲ್ಲರೂ ಬರುವುದಿಲ್ಲ. ತಾಂಡಾಗಳಿಂದ ಎಷ್ಟೋ ತಂದೆತಾಯಿ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗಿರುತ್ತಾರೆ. ಮಗು ಅಜ್ಜಿಯ ಹತ್ತಿರ, ಮೊಬೈಲ್ ಮಗುವಿನ ಹತ್ತಿರ. ಅಜ್ಜಿಯನ್ನೇ ಕರೆಯಿರಿ, ದೂರದಲ್ಲಿರುವ ತಂದೆಗೆ ಫೋನ್ ಮಾಡಿ.

ಅವರಿಗೆ ಎರಡೇ ಮಾತು ಹೇಳಿ. ಮೊದಲನೆಯದು ಗುಟ್ಟಿನ ಮಾತು. ಮಗು ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಮನೆಗೆ ಫೋನ್ ಮಾಡಿ ‘ಅವ್ವಾ, ಜ್ವಾಳದ ಹಿಟ್ಟು ಬೀಸಿಕೊಂಡು ಬರಬೇಕೇನು?’ ಎಂದರೆ, ಅವ್ವ ಏನೂ ಕೇಳದೆ ‘ಹೌದು, ಈಗಿಂದೀಗ ಬಾ’ ಎನ್ನಬೇಕು. ಗೆಳೆಯರ ಮುಂದೆ ಮಗುವಿಗೆ ನೆಪ ಸಿಕ್ಕಿತು. ಮಾತು ಯಾವುದಾದರೂ ಆಗಬಹುದು, ಮನೆಯವರಿಗೂ ಮಗುವಿಗೂ ಮಾತ್ರ ಗೊತ್ತಿದ್ದರೆ ಸಾಕು. ಮನೆಗೆ ಬಂದ ಮೇಲೆ ಮೊದಲು ಊಟ, ಆಮೇಲೆ ವಿಚಾರಣೆ.

ಎರಡನೆಯದು ಬೈಕಿನ ಕೀಲಿ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಲೈಸನ್ಸ್ ಇಲ್ಲದ ಅಪ್ರಾಪ್ತ ಮಗು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ‘ಹುಡುಗ ಜಾಣ ಇದ್ದಾನ್ರಿ, ಚಲೋ ಹೊಡಿತಾನ’ ಎನ್ನುವ ತಂದೆಗೆ ಈ ನಾಲ್ಕು ಸಾಲು ಓದಿ ಹೇಳಿ.

9. ಅನಾಹುತ ಆಗಿಯೇ ಬಿಟ್ಟರೆ

ಈ ನಂಬರ್‌ಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ: ಆಂಬುಲೆನ್ಸ್ 108, ಪೊಲೀಸ್ ಮತ್ತು ಎಲ್ಲ ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಟೆಲಿ ಮಾನಸ್ 2022ರಲ್ಲಿ ಶುರುವಾದ ಸರ್ಕಾರಿ ಸೇವೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ಮಗುವಿನ ಬಗ್ಗೆ ನೀವೂ ಮಾಡಬಹುದು. ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಮನೋವೈದ್ಯರು ಬೇಕಾದರೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಯಾರಾದರೂ ಮುಳುಗುತ್ತಿದ್ದರೆ ಮಕ್ಕಳು ನೀರಿಗೆ ಇಳಿಯಬಾರದು. ಒಬ್ಬನನ್ನು ಉಳಿಸಲು ಹೋಗಿ ಎರಡು ಮೂರು ಜನ ಹೋಗುವುದು ಹೀಗೆಯೇ. ಹಗ್ಗ, ಸೀರೆ, ಉದ್ದ ಬಡಿಗೆ, ಬಾಯಿ ಮುಚ್ಚಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಕೂಗಿ ಜನ ಸೇರಿಸಿ. ಹೊರಗೆ ತಂದ ಮೇಲೆ ತಲೆ ಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಉಸಿರಾಟ ಇದೆಯೇ ನೋಡಿ. ಇಲ್ಲದಿದ್ದರೆ ಗೊತ್ತಿರುವವರು ಕೂಡಲೇ ಸಿಪಿಆರ್ ಶುರು ಮಾಡಲಿ, ಎಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದು. ಪ್ರತಿ ಶಾಲೆಯಲ್ಲಿ ಕನಿಷ್ಠ ಇಬ್ಬರು ಶಿಕ್ಷಕರು ಇದನ್ನು ಕಲಿತಿರಲೇಬೇಕು. ಎತ್ತರದಿಂದ ಬಿದ್ದವನ ಕತ್ತು ಅಲುಗಾಡಿಸಬೇಡಿ. ತಲೆಗೆ ಪೆಟ್ಟಾಗಿ ಆಮೇಲೆ ವಾಂತಿ, ಮಂಪರು ಬಂದರೆ ‘ಮಲಗಿ ಎದ್ದರೆ ಸರಿ ಹೋಗ್ತದ’ ಎಂದು ಕಾಯಬೇಡಿ, ಆಸ್ಪತ್ರೆಗೆ ಒಯ್ಯಿರಿ.

10. ಹದಿನೈದು ದಿನ ಬಿಟ್ಟು ಮತ್ತೆ ಕೂರಿಸಿ

ಒಂದು ಸಲ ಮಾತಾಡಿ ಬಿಟ್ಟರೆ ಅದು ಭಾಷಣವಾಗಿ ಉಳಿಯುತ್ತದೆ. ಹದಿನೈದು ದಿನದ ನಂತರ ಅದೇ ಗುಂಪು, ಹತ್ತು ನಿಮಿಷ. ಕೇಳುವುದು ಒಂದೇ ಪ್ರಶ್ನೆ: ನಾವು ಬರೆದ ಮಾತುಗಳಲ್ಲಿ ಯಾವುದು ಕೆಲಸ ಮಾಡಿತು, ಯಾವುದಕ್ಕೆ ಗೆಳೆಯರು ನಕ್ಕರು? ಕೆಲಸ ಮಾಡದ ಮಾತನ್ನು ಹಲಗೆಯ ಮೇಲಿಂದ ಅಳಿಸಿ, ಅದರ ಜಾಗದಲ್ಲಿ ಹೊಸದೊಂದು ಮಕ್ಕಳಿಂದಲೇ ಬರೆಸಿ.